ಪಾಲಯ್ಯನೂ ಗುಡ್ಡದ ಚೀಟಿಯೂ

ನಗು ಬಂದಾಗ ನಕ್ಕುಬಿಡ್ರಪ್ಪಾ, ತಡೀಬೇಡಿ. ಕತೆ ಮುಂದಕ್ಕೆ ಹೋದಂಗೆ ನಗು ಬರಾಕಿಲ್ಲ.

ಹದ್ದಿನಗುಡ್ಡದ ಬುಡದಾಗೆ ಬೋರಕ್ಕ ಅಂತ ಒಬ್ಬಳಿದ್ದಳು. ಗಂಡ ಸತ್ತು ಬಾಳ ದಿನ. ಒಬ್ಬನೇ ಮಗ, ಪಾಲಯ್ಯ. ಮೂವತ್ತು ವರ್ಷದ ಆಳು, ಎತ್ತಿನಂಥ ಮೈ. ಬುದ್ಧಿ ಮಾತ್ರ ತೊಟ್ಟಿಲು ಬಿಟ್ಟು ಇಳಿದಿರಲಿಲ್ಲ. ಬಾವಿಗೆ ಬೀಳು ಅಂದ್ರೆ ಯಾವ ಬಾವಿ ಅಂತ ಕೇಳೋನು. "ಇಂಥದ್ದನ್ನ ಯಾಕಾದ್ರೂ ಹೆತ್ತೆನೋ!" ಅಂತ ಬೋರಕ್ಕ ದಿನಾ ಹಣೆ ಚಚ್ಚಿಕೊಳ್ಳೋಳು.

ಗುಡ್ಡದಾಗೆ ಹಂಚಿಕಡ್ಡಿ ಕೊಯ್ದು, ಪೊರಕೆ ಕಟ್ಟಿ, ಸಂತೇಲಿ ಮಾರೋದು. ಅದೇ ಅವರ ಹಿಟ್ಟು. ಗುಡ್ಡ ಊರೋರ್ದು, ಕೇಳೋರಿರಲಿಲ್ಲ. ಒಂದು ವರ್ಷ ಗುಡ್ಡದ ಸುತ್ತ ಫಾರೆಸ್ಟಿನೋರ ಮುಳ್ಳುತಂತಿ ಬಂತು. ಗೇಟು ಬಂತು. ಗೇಟಿಗೊಬ್ಬ ಗಾರ್ಡು ಬಂದ, ಕಾಟಪ್ಪ ಅಂತ.

"ಎಲ್ಲಿಗಯ್ಯಾ? ತಲೆಗೆ ಹತ್ತು ರೂಪಾಯಿ!" ಅಂದ ಕಾಟಪ್ಪ.

"ಮೈಗೆ?" ಅಂದ ಪಾಲಯ್ಯ.

"ಮೈಗೇನಿಲ್ಲ, ಹೋಗಯ್ಯಾ!" ಅಂತ ಕಾಟಪ್ಪ ನಕ್ಕ.

ಪಾಲಯ್ಯ ತಂತಿ ಕೆಳಗೆ ಕಾಲು ಮುಂದಾಗಿ ತೂರಿದ. ಮೈಯೆಲ್ಲ ಒಳಗೆ, ತಲೆ ಹೊರಗೆ! ಮಲಗಿಕೊಂಡೇ ಕೈಗೆ ಸಿಕ್ಕಷ್ಟು ಕಡ್ಡಿ ಕಿತ್ತ. ಸಂಜೆಗೆ ಮನೆಗೆ ಬಂದಾಗ ಕುತ್ತಿಗೆಯೆಲ್ಲ ರಕ್ತ, ಕೈಯಾಗೆ ಒಂದು ಹಿಡಿ ಕಡ್ಡಿ.

"ಅಯ್ಯೋ ಮಂಕೇ! ತಲೆಗೆ ಅಂದ್ರೆ ಆಳಿಗೆ ಅಂತ ಕಣೋ! ದುಡ್ಡು ಕೊಟ್ಟು ಚೀಟಿ ಇಸ್ಕೋಬೇಕು. ಖಾಕಿ ಹಾಕಿದೋರ ಹತ್ರ ಎದುರು ಮಾತಾಡಬೇಡ. ಅವರು ಏನಂದ್ರೂ 'ಹೂಂ ಸ್ವಾಮಿ' ಅನ್ನು!"

"ಆಗ್ಲವ್ವ."

ಹದಿನೈದು ದಿನಕ್ಕೆ ದೊಡ್ಡ ಸಾಹೇಬರು ಜೀಪಿನಾಗೆ ಬಂದರು. ಅವರದೂ ಖಾಕಿ. ಸ್ಕೂಲಿನ ಮುಂದೆ ಊರೆಲ್ಲ ಕೂಡ್ತು.

"ಅಪ್ಪ ತಾತ ತಿರುಗಿದ ಗುಡ್ಡ. ನಮ್ಮ ಹೊಸಲು ದಾಟಾಕೆ ನಾವ್ಯಾಕೆ ಸ್ವಾಮಿ ದುಡ್ಡು ಕೊಡ್ಬೇಕು?" ಅಂದ ಊರ ಹಿರೀಕ ಓಬಣ್ಣ.

"ಕಾಯೋರಿಲ್ಲ ಅಂತಲೇ ಲಾರಿಗಟ್ಟಲೆ ಕಲ್ಲು ಹೋಯ್ತಲ್ಲಪ್ಪ," ಅಂದರು ಸಾಹೇಬರು. "ಹೋದ ಬೇಸಿಗೇಲಿ ಬೆಂಕಿ ಬಿದ್ದಾಗ ಆರಿಸೋಕೆ ಒಬ್ಬ ಆಳಿದ್ನಾ? ಕಾಯೋರಿಗೆ ಸಂಬಳ ಎಲ್ಲಿಂದ ತರಲಿ?"

"ಕಾರಿನಾಗೆ ಬಂದು ಫೋಟೋ ತೆಗೆಯೋರ ಹತ್ರ ಇಸ್ಕೊಳ್ಳಿ! ಹುಲ್ಲು ಹೊರೋರ್ಗೂ ಅದೇ ರೇಟಾ?" ಅಂದ್ಲು ಬೋರಕ್ಕನ ಪಕ್ಕದ ಮನೆ ಚಿತ್ತಮ್ಮ.

ಸಾಹೇಬರಿಗೆ ಬಿಸಿಲು ಹತ್ತಿತ್ತು. "ಎಲ್ಲರಿಗೂ ಒಂದೇ ರೇಟು. ಇನ್ಮೇಲೆ ಇಪ್ಪತ್ತು. ಒಪ್ಪಿಗೆಯಾ?"

ಊರು ಮುಖ ತಿರುಗಿಸಿ ಕೂತಿತು.

"ಹೂಂ ಸ್ವಾಮಿ!" ಅಂದ ಪಾಲಯ್ಯ, ಎದ್ದು ನಿಂತು, ಊರಿಗೆಲ್ಲ ಕೇಳೋ ಹಂಗೆ.

ಊರು ಒಪ್ಪಿತು ಅಂತ ಬರಕೊಂಡು ಸಾಹೇಬರು ಜೀಪು ಹತ್ತಿದರು.

ಊರೋರು ಪಾಲಯ್ಯನ್ನ ಮಣ್ಣಿಗೆ ಕೆಡವಿ ತುಳಿದರು. ಬೋರಕ್ಕ ಅಡ್ಡ ಬಿದ್ದು ಬಿಡಿಸಿಕೊಂಡಳು.

"ನಿನ್ನ ಬಾಯಿಗೆ ಮಣ್ಣು ಹಾಕ! ಇನ್ಮೇಲೆ ಯಾರು ಏನು ಕೇಳಿದ್ರೂ ಬಾಯಿ ಬಿಡಬೇಡ! ತುಟಿ ಹೊಲ್ಕೊಂಡಿರು!"

ಪಾಲಯ್ಯ ತಲೆಯಾಡಿಸಿದ. ಆಗ್ಲವ್ವ ಅಂತಲೂ ಅನ್ನಲಿಲ್ಲ.

ದಿನಾ ಇಬ್ಬರ ಚೀಟಿಗೆ ದುಡ್ಡು ಎಲ್ಲಿಂದ ತರೋದು? ಬೋರಕ್ಕ ಮಗನ್ನ ಕರಕೊಂಡು ಗುಡ್ಡದ ಹಿಂದಲ ಕೊರಕಲು ಹಿಡಿದು ಕದ್ದು ಹತ್ತಿದಳು. ಅರ್ಧ ದಾರೀಲಿ ಕಾಲಡಿ ಕಲ್ಲು ಜಾರಿತು. ಬಿದ್ದಳು. ಸೊಂಟ ಮುರೀತು.

"ಊರಿಗೆ ಓಡು ಮಗಾ, ಓಡು!"

ಓಡಿದ. ಊರಿಗೆ ಬಂದು ಜಗಲಿ ಮೇಲೆ ಕೂತ.

"ಪಾಲಯ್ಯ, ನಿಮ್ಮವ್ವ ಎಲ್ಲೋ?" ಅಂದ್ಲು ಚಿತ್ತಮ್ಮ. ಬಾಯಿ ಬಿಡಲಿಲ್ಲ. ಓಬಣ್ಣ ಬಂದು ಕೇಳಿದ. ಬಾಯಿ ಬಿಡಲಿಲ್ಲ. ಕಣ್ಣಾಗೆ ನೀರು ಸುರೀತಿತ್ತು, ತುಟಿ ಮಾತ್ರ ಬಿಗಿ. ಹೊಡೆತ ತಿಂದ ಸಿಟ್ಟು ಅಂದ್ಕೊಂಡು ಅವರೂ ಸುಮ್ಮನಾದರು.

ಮಾರನೇ ದಿನ ಬೆಳಿಗ್ಗೆ ಕಾಟಪ್ಪನಿಗೆ ಅವಳ ನರಳಾಟ ಕೇಳಿಸ್ತು. ಚೀಟಿ ಕೇಳಲಿಲ್ಲ. ಬೆನ್ನ ಮೇಲೆ ಹೊತ್ತು ತಂದು ಮನೇಲಿ ಮಲಗಿಸಿದ.

"ಬಾಯಿ ಬಿಡೋ ಹೊತ್ತಿನಾಗೆ ಬಿಡಲಿಲ್ಲವಲ್ಲೋ!" ಅಂದಳು ಬೋರಕ್ಕ. ಬೈಗುಳದಾಗೆ ಕಸುವಿರಲಿಲ್ಲ. "ಗುಡ್ಡಕ್ಕೆ ಜೊತೆಗೆ ಹೋದೋರನ್ನ ಅಲ್ಲೇ ಬಿಟ್ಟು ಬರಬಾರದು ಕಣೋ. ಹೊತ್ಕೊಂಡಾದ್ರೂ ಬರಬೇಕು. ಆರು ಗಂಟೆಗೆ ಗೇಟು ಹಾಕ್ತಾರೆ, ಅಷ್ಟರಾಗೆ ಬಂದ್ಬಿಡಬೇಕು."

"ಆಗ್ಲವ್ವ."

ಮೂರನೇ ದಿನ ಸತ್ತಳು.

ಊರ ಸ್ಮಶಾನವೂ ತಂತಿಯೊಳಗೆ ಸೇರಿಹೋಗಿತ್ತು. ಹೆಣ ಗೇಟಿಗೆ ಬಂತು. ಓಬಣ್ಣ ಜೇಬಿಗೆ ಕೈ ಹಾಕಿದ. ಕಾಟಪ್ಪ ಬೇಡ ಅಂತ ತಲೆಯಾಡಿಸಿ, ಟೋಪಿ ತೆಗೆದು, ಗೇಟು ಪೂರಾ ತೆರೆದ.

ಗುಂಡಿಗೆ ಇಳಿಸಿದರು. ಪಾಲಯ್ಯ ಮೂರು ಹಿಡಿ ಮಣ್ಣು ಹಾಕು ಅಂದರೆ ಮೂರೇ ಹಿಡಿ ಎಣಿಸಿ ಹಾಕಿದ. ಮುಚ್ಚಿದರು. ಹಿಂದಕ್ಕೆ ತಿರುಗಿ ನೋಡದೆ ಎಲ್ಲರೂ ಗೇಟಿಗೆ ಬಂದರು.

"ಐದಾಯ್ತು, ಆರಕ್ಕೆ ಗೇಟು ಹಾಕ್ಬೇಕು, ಬನ್ರಪ್ಪಾ," ಅಂದ ಕಾಟಪ್ಪ.

ಪಾಲಯ್ಯ ಗಕ್ಕನೆ ನಿಂತ. ತಿರುಗಿ ಓಡಿದ.

"ಅತ್ತು ಹಗುರಾಗ್ಲಿ, ಬಿಡು," ಅಂದ ಓಬಣ್ಣ. ಎಲ್ಲರೂ ಗೇಟಿನ ಹತ್ರ ಕೂತು ಕಾದರು.

ಆರಾಯ್ತು. ಕಾಟಪ್ಪ ಸರಪಳಿಗೆ ಕೈ ಹಾಕಿದ. ಅಷ್ಟರಾಗೆ ಪಾಲಯ್ಯ ಬಂದ, ಏದುಸಿರು ಬಿಡ್ತಾ. ಉಗುರೆಲ್ಲ ಕಿತ್ತುಹೋಗಿತ್ತು. ಬೆನ್ನ ಮೇಲೆ ಅವ್ವ. ಅವಳ ಸೆರಗಿನಿಂದ ಹಸಿಮಣ್ಣು ಉದುರುತ್ತಿತ್ತು.

"ಗೇಟು ಹಾಕ್ಬೇಡ ಕಾಟಣ್ಣಾ! ಬಂದ್ವಿ, ಬಂದ್ವಿ!"

ಕಾಟಪ್ಪನ ಕೈಯಿಂದ ಸರಪಳಿ ಜಾರಿತು.

ಪಾಲಯ್ಯ ಗೇಟು ದಾಟಿ, ಅವ್ವನ್ನ ಇಳಿಸಿ, ಕಲ್ಲಿಗೆ ಒರಗಿಸಿ ಕೂರಿಸಿದ. ಮುಖದ ಮಣ್ಣು ಒರೆಸಿದ. ಎದುರಿಗೆ ಕುಕ್ಕರಗಾಲಿನಾಗೆ ಕೂತ.

"ಈ ಸಲ ಬಿಟ್ಟು ಬರಲಿಲ್ಲ ಕಣವ್ವ," ಅಂದ. "ಸರಿಯಾಗಿ ಮಾಡಿದ್ನಾ?"