ಬೇರೆ ಒಡಲಿನ ಸೆರಗು

“ಗುರುಗಳೇ, ಒಬ್ಬನ ತಲೆಯನ್ನು ಇನ್ನೊಬ್ಬನ ದೇಹಕ್ಕೆ ಜೋಡಿಸಿದರೆ ಅವನು ಬದುಕುತ್ತಾನೆಯೇ?” ಎಂದು ಶಿಷ್ಯ ಕೇಳಿದ.

ಅವನು ಶಸ್ತ್ರವೈದ್ಯ. ಅವನ ತಮ್ಮನಿಗೆ ಕುತ್ತಿಗೆಯ ಕೆಳಗೆ ಒಂದೊಂದೇ ಅಂಗ ಸೋಲುತ್ತಿತ್ತು. ಈಗ ಉಸಿರೂ ಸೋಲತೊಡಗಿತ್ತು. ತಲೆ ಮಾತ್ರ ಚುರುಕಾಗಿತ್ತು.

“ರಕ್ತನಾಳಗಳನ್ನು ಹೊಲಿಯಬಲ್ಲೆ. ತಣ್ಣಗಿಟ್ಟರೆ ಮಿದುಳು ಸ್ವಲ್ಪ ಹೊತ್ತು ತಾಳುತ್ತದೆ. ತುಂಡಾದ ಬೆನ್ನುಹುರಿಯನ್ನು ಕೂಡಿಸುವುದು ಮಾತ್ರ ಯಾರಿಗೂ ತಿಳಿದಿಲ್ಲ. ಕೂಡಿದರೂ ಆ ದೇಹ ಈ ತಲೆಯನ್ನು ಒಲ್ಲೆ ಅನ್ನುತ್ತದೆ. ಇರುವಷ್ಟು ದಿನ ಔಷಧ ಕೊಟ್ಟು ಅದನ್ನು ಸುಮ್ಮನಿರಿಸಬೇಕು. ಆದರೂ ತಮ್ಮ ಉಳಿಯುವುದಾದರೆ ನಾನು ಕತ್ತಿ ಹಿಡಿಯುತ್ತೇನೆ.”

ಗುರು ಕಣ್ಣು ಮುಚ್ಚಿ ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಅವನ ಊರಿನಲ್ಲಿ ಸೀರೆಯ ಒಡಲನ್ನೂ ಸೆರಗನ್ನೂ ಉದ್ದೆಳೆಗಳ ಒಂದೇ ಹಾಸಿನಲ್ಲಿ ನೇಯುವುದಿಲ್ಲ. ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಎರಡರ ತುದಿಗಳನ್ನೂ ಕೊಂಡಿಗಳಾಗಿ ಮಡಿಚಿ ಒಂದರೊಳಗೊಂದು ಸಿಕ್ಕಿಸುತ್ತಾರೆ.

ಅವನ ಬಳಿಗೆ ಒಬ್ಬ ಹೆಂಗಸು ತಾಯಿಯ ಸೀರೆ ತಂದಳು. ಸೆರಗು ದೀಪದಂತೆ ಹೊಳೆಯುತ್ತಿತ್ತು. ಒಡಲು ಮುಟ್ಟಿದರೆ ಹರಿಯುವಂತಿತ್ತು. ತನ್ನ ಮಗಳ ಮದುವೆಯಲ್ಲಿ ಅದನ್ನೇ ಉಡಬೇಕೆಂದು ಅವಳ ಆಸೆ.

“ಹೊಸದು ನೇಯ್ದು ಕೊಡುತ್ತೇನೆ, ಅಕ್ಕಾ.”

“ಹೊಸದನ್ನು ಯಾವಳಾದರೂ ಉಡುತ್ತಾಳೆ. ನನಗೆ ನನ್ನದೇ ಬೇಕು.”

“ನಿನ್ನದು ಅಂದರೆ ಯಾವುದು? ಸೆರಗೋ, ಒಡಲೋ?”

“ಸೆರಗೇ ನೋಡಪ್ಪಾ. ತಲೆಯ ಮೇಲೆ ಹೊದೆಯುವುದು ಅದನ್ನೇ. ನಿನ್ನ ತಾಯಿ ಯಾರು ಎಂದು ನೆರಿಗೆಯನ್ನು ಕೇಳಿದವರುಂಟೇ?” ಎಂದು ಅವಳು ನಕ್ಕಳು.

ಅದೇ ಓಣಿಯಲ್ಲಿ ಒಂದು ಮನೆಯ ಮಗಳು ಬೇನೆಯಿಂದ ತೀರಿಕೊಂಡಿದ್ದಳು. ಅವಳ ಸೀರೆಯ ಸೆರಗು ಒಲೆಯ ಬೆಂಕಿಗೆ ಸುಟ್ಟಿತ್ತು, ಒಡಲು ಹೊಸದರಂತಿತ್ತು. ನೇಕಾರ ಹೋಗಿ ಕೇಳಿದ. ಸತ್ತವಳ ತಾಯಿ ಬಹಳ ಹೊತ್ತು ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದು, ಆಮೇಲೆ ಕೊಟ್ಟಳು. “ಪೆಟ್ಟಿಗೆಯಲ್ಲಿ ನುಸಿ ತಿನ್ನುವ ಬದಲು ಯಾರ ಮೈಮೇಲಾದರೂ ಓಡಾಡಲಿ.”

ಬಿಸಿ ತಾಗಿದರೆ ಎಳೆ ತುಂಡಾಗುತ್ತದೆಂದು ನೇಕಾರ ಬಾಗಿಲು ಮುಚ್ಚಿದ. ನೆಲಕ್ಕೆ ನೀರು ಚಿಮುಕಿಸಿ ಕೋಣೆಯನ್ನು ತಂಪಾಗಿಟ್ಟ. ಮಗ್ಗದ ಮೇಲೆ ಎರಡೂ ಸೀರೆಗಳು ನಿದ್ದೆ ಹೋದವರಂತೆ ಎದುರುಬದುರಾಗಿ ಮಲಗಿದವು. ಹೆಂಗಸಿನ ಸೀರೆಯ ಸೆರಗನ್ನೂ ಸತ್ತವಳ ಸೀರೆಯ ಒಡಲನ್ನೂ ಬಿಡಿಸಿ ತೆಗೆದರೆ ಸಾವಿರಾರು ಕೊಂಡಿಗಳು. ಯಾವುದರ ಜೊತೆ ಯಾವುದೆಂದು ಅವನಿಗೆ ತಿಳಿಯಲಿಲ್ಲ. ಕೈಗೆ ಸಿಕ್ಕಿದ್ದಕ್ಕೆ ಸಿಕ್ಕಿದ್ದನ್ನು ಜೋಡಿಸುತ್ತ ಹೋದ. ಕೆಲಸ ಮುಗಿದಾಗ ತಾನು ನೇಯ್ದೆನೋ ಕನಸು ಕಂಡೆನೋ ಅವನಿಗೇ ತಿಳಿಯದಾಗಿತ್ತು.

“ಸೀರೆಯೇನೋ ಆಯಿತು. ಆದರೆ ಎರಡೂ ಒಂದೇ ಕೈಯ ನೇಯ್ಗೆಯಲ್ಲ. ನೀರು ಕಂಡರೆ ಒಡಲು ಒಂದು ಕಡೆ ಎಳೆಯುತ್ತದೆ, ಸೆರಗು ಒಂದು ಕಡೆ. ಎಂದೂ ಒಗೆಯಬೇಡ. ಮಳೆಗೆ ಹೋಗಬೇಡ. ಜೋರಾಗಿ ನಡೆಯಬೇಡ.”

ಹೆಂಗಸು ಎಲ್ಲಕ್ಕೂ ಒಪ್ಪಿದಳು.

ಮದುವೆಯ ದಿನ ಅವಳು ತುಂಬಿದ ಕೊಡ ಹೊತ್ತವಳಂತೆ ನಡೆದಳು. ನೋಡಿದವರೆಲ್ಲ, “ಅವರ ಅವ್ವನೇ ಎದ್ದು ಬಂದ ಹಾಗಿದೆ,” ಎಂದರು. ಮದುವೆಗೆ ಬಂದವರಲ್ಲಿ ಸತ್ತವಳ ತಾಯಿಯೂ ಇದ್ದಳು. ಅವಳು ಸೆರಗನ್ನು ನೋಡಲಿಲ್ಲ. ಗುಂಪಿನ ಕಾಲುಗಳ ನಡುವೆ ಒಂದು ನೆರಿಗೆ ಓಲಾಡುತ್ತ ಹೋಗುವುದನ್ನು ನೋಡಿದಳು. ಅದರ ಹಿಂದೆಯೇ ಬಂದು, ನೆಲದ ಮೇಲೆ ಕೂತು, ಮಗುವಿನ ಕೈ ಹಿಡಿದಂತೆ ಅದನ್ನು ಹಿಡಿದಳು.

“ಬಂದೆಯಾ, ನನ್ನ ಕೂಸೇ?”

ಅದೇ ಹೊತ್ತಿಗೆ ಹಂದರದೊಳಗಿಂದ ಮದುಮಗಳು ಕರೆದಳು: “ಅವ್ವಾ, ಅಕ್ಷತೆಯ ಹೊತ್ತಾಯಿತು, ಬಾ.”

ಹೆಂಗಸು ನಿಂತಳು. ಒಂದು ಹೆಜ್ಜೆ ಮುಂದಿಟ್ಟರೆ ಕೊಂಡಿಗಳು ಕಳಚುತ್ತವೆ. ನಿಂತೇ ಇದ್ದರೆ ಮಗಳ ಮೇಲೆ ಅಕ್ಷತೆ ಬೀಳುವಾಗ ತಾಯಿಯಿಲ್ಲ. ಒಡಲೊಳಗೆ ಎಲ್ಲೋ ಒಂದು ಎಳೆ ಮೆಲ್ಲಗೆ ಹಿಂದಕ್ಕೆ ಜಗ್ಗಿತು.

ಗುರು ಅಲ್ಲಿಗೆ ನಿಲ್ಲಿಸಿದರು.

“ಅವಳು ಏನು ಮಾಡಿದಳು?” ಎಂದ ಶಿಷ್ಯ.

“ಯಾವುದೋ ತಾಯಿ ಬಂದು ಆ ಹೊಸ ದೇಹದ ಕೈಗಳನ್ನು ಹಿಡಿದುಕೊಂಡ ದಿನ ತಾನೇನು ಮಾಡುತ್ತೇನೆಂದು ನಿನ್ನ ತಮ್ಮ ಹೇಳಬೇಕು, ಅವನನ್ನು ಕೇಳಿದ್ದೀಯಾ?”

ಶಿಷ್ಯ ತನ್ನ ಎರಡೂ ಕೈಗಳನ್ನು ನೋಡುತ್ತ ಕೂತ.