ಆನೆ ಲಾಯದ ಕೆಸರು

ಕಾರೇಗುಡ್ಡದ ದೊರೆ ಮುದ್ದುರಂಗ ನಾಯಕನ ಭಾವಮೈದ ಜಗದೇವನಿಗೆ ಎರಡೇ ಹೆಮ್ಮೆ. ಒಂದು ಮೀಸೆ, ಇನ್ನೊಂದು ಭತ್ತದ ಗದ್ದೆ. ಮೀಸೆಗೆ ಎಣ್ಣೆ ಕುಡಿಸುತ್ತಿದ್ದ, ಗದ್ದೆಗೆ ಇಡೀ ಕಾಲುವೆಯನ್ನೇ ಕುಡಿಸುತ್ತಿದ್ದ.

ಕಾಲುವೆಯ ತೂಬು ಅವನ ಗದ್ದೆಯ ನೆತ್ತಿಯ ಮೇಲೇ ಇತ್ತು. ಹಗಲಿರುಳು ಅದನ್ನು ತೆರೆದೇ ಇಡುತ್ತಿದ್ದ. ಕಾಲುವೆಯ ಕಟ್ಟಕಡೆಯ ಊರು ಹುಣಸೇಕೊಪ್ಪಲಿಗೆ ನೀರಿನ ಸದ್ದೂ ಮುಟ್ಟುತ್ತಿರಲಿಲ್ಲ. ಒಂದು ದಿನ ಆ ಊರಿನವರು ಸಸಿಮಡಿಯಿಂದ ಬಾಡಿದ ಪೈರು ಒಂದು ಹಿಡಿ ಕಿತ್ತುಕೊಂಡು ಅರಮನೆಗೆ ಬಂದರು.

"ಇನ್ನು ನಾಲ್ಕು ದಿನದಲ್ಲಿ ನಾಟಿ ಆಗದಿದ್ದರೆ ಈ ವರ್ಷ ನಮಗೆ ಅನ್ನ ಇಲ್ಲ, ಬುದ್ಧಿ," ಅಂದ ಮುದುಕ ಕಾಳಯ್ಯ.

ಜಗದೇವ ಮೀಸೆ ತೀಡಿದ. "ನನ್ನ ಭತ್ತಕ್ಕೆ ಬಾಯಾರಿಕೆ ಜಾಸ್ತಿ, ಭಾವ. ಬಿಟ್ಟ ನೀರೆಲ್ಲ ಕುಡಿದುಬಿಡುತ್ತೆ. ಒಂದು ಹನಿ ಪೋಲಾಗಿದ್ದರೆ ತೋರಿಸಲಿ!"

ದೊರೆ ತಲೆ ಕೆರೆದುಕೊಂಡ. ಎಷ್ಟಾದರೂ ಹೆಂಡತಿಯ ತಮ್ಮ. "ತೋರಿಸ್ರಯ್ಯ. ಆದರೆ ಅವನ ಗದ್ದೆ ಅಗೆಯುವ ಹಾಗಿಲ್ಲ. ತೋರಿಸಲು ಆಗದಿದ್ದರೆ ತೂಬು ಅವನದೇ. ಮತ್ತೆ ಕೇಳೋಕೆ ಬರಬೇಡಿ."

ಸಿಂಹಾಸನದ ಪಕ್ಕದಲ್ಲಿ ದೊರೆಗೆ ಎಲೆ ಅಡಿಕೆ ಮಡಿಸಿಕೊಡುವ ದೇಮವ್ವ ನಿಂತಿದ್ದಳು. ಸಭೆಯಲ್ಲಿ ಅವಳ ದನಿ ಕೇಳಿದವರು ಕಡಿಮೆ, ಎಲ್ಲರ ದನಿಯೂ ಅವಳ ಕಿವಿಗೆ ಬಿದ್ದಿತ್ತು. ಹುಣಸೇಕೊಪ್ಪಲು ಅವಳ ತವರು. ಮುದುಕನ ಕೈಯಲ್ಲಿದ್ದ ಪೈರು ಅವಳ ಅಕ್ಕನ ಸಸಿಮಡಿಯದ್ದೇ ಇದ್ದರೂ ಇದ್ದೀತು. ಸುಣ್ಣ ಹಚ್ಚುತ್ತಿದ್ದ ಬೆರಳು ನಿಂತಿತು. ನಿನ್ನೆ ಮಾವುತ ಲಾಯದ ಕೆಸರಿನ ಬಗ್ಗೆ ಗೊಣಗಿದ್ದೂ ನೆನಪಾಯಿತು.

"ಒಂದು ಮಾತು, ಮಹಾಪ್ರಭು. ಜಗದೇವರಸರ ಗದ್ದೆಗೆ ಇಳಿದ ನೀರು ಯಾರದು?"

"ನಂದು!" ಅಂದ ಜಗದೇವ.

"ಬೇರು ದಾಟಿ ಕೆಳಗೆ ಇಳಿದರೆ?"

"ಅದೂ ನಂದೇ! ಪಾತಾಳಕ್ಕೆ ಹೋಗಲಿ, ಅಲ್ಲೂ ನಂದೇ!"

"ಹಾಗಾದರೆ ವೀಳ್ಯ ಹಿಡಿಯಿರಿ."

ಆ ಸಭೆಯಲ್ಲಿ ವೀಳ್ಯ ಹಿಡಿದು ಆಡಿದ ಮಾತನ್ನು ಯಾರೂ ಹಿಂದೆ ತೆಗೆದುಕೊಳ್ಳುವ ಹಾಗಿರಲಿಲ್ಲ. ಜಗದೇವ ವೀಳ್ಯ ಕಿತ್ತುಕೊಂಡು ಬಾಯಿಗೆ ಹಾಕಿಕೊಂಡ.

"ಈಗ ಎಲ್ಲರೂ ಆನೆ ಲಾಯಕ್ಕೆ ದಯಮಾಡಿಸಬೇಕು," ಅಂದಳು ದೇಮವ್ವ.

ಲಾಯ ಇದ್ದದ್ದು ಜಗದೇವನ ಗದ್ದೆಯ ಕೆಳಗಿನ ತಗ್ಗಿನಲ್ಲಿ. ಮಳೆ ನಿಂತು ತಿಂಗಳಾಗಿದ್ದರೂ ಅಲ್ಲಿ ಪಾದ ಮುಳುಗುವಷ್ಟು ಕೆಸರು. ಪಟ್ಟದಾನೆ ಒಂದೊಂದೇ ಕಾಲು ಎತ್ತಿ ಇಟ್ಟು ನರಳುತ್ತಿತ್ತು. ದೊರೆ ಗಾಬರಿಯಿಂದ ಒಳಗೆ ನುಗ್ಗಿದ. ಪಚಕ್! ಹೊಸ ಚಪ್ಪಲಿಯನ್ನು ಕೆಸರು ನುಂಗಿತು.

"ಯಾವನೋ ಇಲ್ಲಿಗೆ ನೀರು ಬಿಟ್ಟವನು?"

"ಕೆಳಗಿಳಿದ ನೀರೂ ನಂದೇ ಅಂದವರ ವೀಳ್ಯ ಇನ್ನೂ ಬಾಯಲ್ಲೇ ಇದೆ, ಮಹಾಪ್ರಭು," ಅಂದಳು ದೇಮವ್ವ.

ಜಗದೇವ ವೀಳ್ಯವನ್ನು ಹಾಗೇ ನುಂಗಿದ. "ಇದು ನನ್ನ ನೀರಲ್ಲ, ಭಾವ! ಯಾವುದೋ ಒರತೆ!"

"ಇದ್ದರೂ ಇರಬಹುದು," ಅಂದಳು ದೇಮವ್ವ. "ನಾಲ್ಕು ದಿನ ತಮ್ಮ ತೂಬು ಮುಚ್ಚಿ ನೋಡೋಣ. ಕೆಸರು ಹೀಗೇ ಇದ್ದರೆ ಒರತೆ. ಒಣಗಿದರೆ ತಮ್ಮದು."

"ಮುಚ್ಚೋ ಮೊದಲು!" ಒಂಟಿ ಕಾಲಲ್ಲಿ ನಿಂತಿದ್ದ ದೊರೆ ಕೂಗಿದ.

ಆ ನಾಲ್ಕು ದಿನ ಕಾಲುವೆಯ ನೀರು ನೆಟ್ಟಗೆ ಹುಣಸೇಕೊಪ್ಪಲಿಗೆ ಹರಿಯಿತು. ನಾಟಿ ಮುಗಿಯಿತು. ಐದನೆಯ ದಿನ ದೊರೆ ಲಾಯಕ್ಕೆ ಬಂದರೆ ನೆಲ ಬಿರಿದಿದೆ, ನಡುವೆ ಚಪ್ಪಲಿ ಮೂತಿ ಹೊರಗೆ ಹಾಕಿ ಕೂತಿದೆ.

"ಜಗದೇವ, ನಾಲ್ಕು ದಿನ ಬಾಯಾರಿದ ನಿನ್ನ ಭತ್ತ ಹೇಗಿದೆ?"

"ಹಸಿರಾಗೇ ಇದೆ, ಭಾವ," ಅಂದ ಜಗದೇವ, ಮೀಸೆ ಮುಟ್ಟದೆ.

"ಇನ್ನು ಮೇಲೆ ಮೊದಲ ಸರದಿ ಕೊನೆಯ ಊರಿಗೆ," ಅಂದ ದೊರೆ. ಆಮೇಲೆ ತಿರುಗಿ, "ದೇಮವ್ವ, ಹಾಗಾದರೆ ನೀರೆಲ್ಲ ಭತ್ತ ಕುಡಿಯಿತು ಅಂದದ್ದು ಸುಳ್ಳೇ?"

"ಪೂರ್ತಿ ಸುಳ್ಳಲ್ಲ, ಮಹಾಪ್ರಭು. ಭತ್ತದ ಬೇರು ಒಂದು ಗೇಣು. ಅಷ್ಟನ್ನು ಅದು ಕುಡಿಯಿತು. ಮಿಕ್ಕದ್ದನ್ನು ತಮ್ಮ ಚಪ್ಪಲಿ ಕುಡಿಯಿತು."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಅವತ್ತು ಮೊದಲ ಸಲ ತಾನೇ ಎಲೆಗೆ ಸುಣ್ಣ ಹಚ್ಚಿ, ಮಡಿಸಿ, ದೇಮವ್ವನ ಕೈಗಿಟ್ಟ.

ಸುಣ್ಣ ಜಾಸ್ತಿಯಾಗಿತ್ತು. ನಾಲಿಗೆ ಸುಟ್ಟರೂ ದೇಮವ್ವ ಕೊನೆಯವರೆಗೂ ಅಗಿದಳು.