ಎಡಗಡೆಯ ಪುಟ

"ಗುರುಗಳೇ, ಯಾರೂ ಓದಲಾರದ ಪುಟವನ್ನು ಹರಿದುಹಾಕಿದರೆ ತಪ್ಪೇನು?"

ಹೀಗೆ ಕೇಳಿದ ಶಿಷ್ಯ ಹಕ್ಕಿಪಿಕ್ಕಿ ಅಜ್ಜಿಯೊಬ್ಬಳ ಕತೆಗಳನ್ನು ಬರೆದು ತಂದಿದ್ದ. ಎಡಪುಟದಲ್ಲಿ ಅಜ್ಜಿಯ ಸ್ವಂತ ಭಾಷೆಯ ಮಾತು, ಬಲಪುಟದಲ್ಲಿ ಅದರ ಕನ್ನಡ. ಅಚ್ಚಿಗೆ ಬಲಪುಟವೊಂದೇ ಸಾಕೆಂಬುದು ಅವನ ಎಣಿಕೆ.

ಗುರು ಹೇಳಿದರು:

ಆಫ್ರಿಕದ ದಕ್ಷಿಣದಲ್ಲಿ ಬೇಟೆಯಾಡಿ ಬದುಕುವ ಜನರಿದ್ದರು. ಹೊರಗಿನವರು ಅವರನ್ನು ಬುಷ್‌ಮನ್ನರೆಂದು ಕರೆದರು, ಅವರ ನೀರಿನ ಸೆಲೆಗಳನ್ನೂ ಕಿತ್ತುಕೊಂಡರು. ಹಸಿದವನು ಕುರಿ ಕದ್ದು ಸೆರೆಮನೆ ಸೇರಿದ. ಅಂಥ ಒಬ್ಬ ಮುದಿ ಕೈದಿಯನ್ನು, ಅವನ ಭಾಷೆ ಕಲಿಯಬೇಕೆಂದು, ವಿದ್ವಾಂಸನೊಬ್ಬ ಸರಕಾರದ ಅಪ್ಪಣೆ ಪಡೆದು ಮನೆಗೆ ಕರೆತಂದ. ವಿದ್ವಾಂಸನ ಹೆಂಡತಿಯ ತಂಗಿಯೂ ಜೊತೆಗೆ ಕುಳಿತು ಕತೆಗಳನ್ನು ಬರೆದುಕೊಂಡಳು.

ಶಿಕ್ಷೆ ಮುಗಿಯಿತು. ಊರಲ್ಲಿ ಹೆಂಡತಿ ಕಾಯುತ್ತಿದ್ದಳು. ಆದರೂ ಮುದುಕ ಹೊರಡಲಿಲ್ಲ.

"ಮನೆಗೆ ಹೋಗಪ್ಪ," ಎಂದಳು ವಿದ್ವಾಂಸನ ನಾದಿನಿ.

"ಹೋಗುತ್ತೇನೆ ತಾಯಿ. ನನ್ನ ಮೊಮ್ಮಕ್ಕಳು ಧಣಿಯ ಕುರಿ ಕಾಯುತ್ತ ಧಣಿಯ ಮಾತನ್ನೇ ಆಡುತ್ತಾರೆ. ನಾನು ಕತೆ ಹೇಳಿದರೆ ನಗುತ್ತಾರೆ. ಮುಂದೆಂದೋ ಅವರಲ್ಲೊಬ್ಬನಿಗೆ ನಗು ನಿಂತು ಕತೆ ಬೇಕೆನಿಸೀತು. ಆಗ ಅವನಿಗೆ ನನ್ನ ಬಾಯಿಮಾತೇ ಸಿಗಲಿ. ಎಲ್ಲ ಬರೆದುಕೊ."

ಅವಳು ಮಾತು ಕೊಟ್ಟಳು. ಕತೆ ಹೇಳಿ ಮುಗಿಸಿ ಅವನು ಊರಿಗೆ ಹೋದ, ಸ್ವಲ್ಪ ಕಾಲದಲ್ಲೇ ತೀರಿಕೊಂಡ. ವಿದ್ವಾಂಸನೂ ತೀರಿಕೊಂಡ. ಕತೆಗಳನ್ನು ಅಚ್ಚು ಹಾಕಿಸುವ ಭಾರವೆಲ್ಲ ಮಾತು ಕೊಟ್ಟವಳ ಮೇಲೆ ಬಿತ್ತು.

ಆ ಭಾಷೆಯಲ್ಲಿ ನಾಲಿಗೆ ಲೊಚಗುಟ್ಟುವ ಸದ್ದುಗಳಿದ್ದವು. ಅವಕ್ಕೆ ಅಚ್ಚುಮೊಳೆಗಳಿರಲಿಲ್ಲ. ಮೊಳೆಯಿಲ್ಲದ ಪ್ರಕಾಶಕ ಅದು ಭಾಷೆಯೇ ಅಲ್ಲ ಎಂದುಬಿಟ್ಟ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ!

"ನಮ್ಮ ಭಾಷೆಯ ಅನುವಾದವಷ್ಟೇ ಕೊಡಿ, ನಾಳೆಯೇ ಅಚ್ಚು ಹಾಕಿಸುತ್ತೇನೆ," ಎಂದ.

ಅವಳು ಹಸ್ತಪ್ರತಿ ಎತ್ತಿಕೊಂಡು ಹೊರಬಂದಳು. ಇನ್ನೊಬ್ಬ ಪ್ರಕಾಶಕನೂ ಹಾಗೆಯೇ ಅಂದ. ಅವಳಿಗೆ ಸಿಟ್ಟು ಬಂತು, ಅಳುವೂ ಬಂತು; ಒಪ್ಪುವ ಮನಸ್ಸು ಮಾತ್ರ ಬರಲಿಲ್ಲ. ಆರೋಗ್ಯ ಕೆಟ್ಟಿತು, ತಲೆ ನರೆಯಿತು. ಅವಳು ಬಾಗಿಲು ತಟ್ಟುವುದನ್ನು ಬಿಡಲಿಲ್ಲ. ಕೊನೆಗೊಬ್ಬ ಹೊಸ ಮೊಳೆಗಳನ್ನು ಎರಕ ಹೊಯ್ಯಿಸಲು ಒಪ್ಪಿದ. ಪುಸ್ತಕ ಬಂತು. ಎಡಪುಟ ಮುದುಕನದು, ಬಲಪುಟ ಅವಳದು. ಅಷ್ಟು ಹೊತ್ತಿಗೆ ಆ ಭಾಷೆಯನ್ನಾಡುವವರು ಬೆರಳೆಣಿಕೆಯಷ್ಟು ಜನ ಉಳಿದಿದ್ದರು, ಅವರಿಗೂ ಓದು ಬರುತ್ತಿರಲಿಲ್ಲ.

ಗುರು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಹಾಗಾದರೆ ಅಷ್ಟು ವರ್ಷದ ಹಟ ವ್ಯರ್ಥವಾಯಿತಲ್ಲ, ಗುರುಗಳೇ?"

"ಓದುವವನು ಇನ್ನೂ ಹುಟ್ಟಿಲ್ಲದಿರಬಹುದು, ಅವನ ಪುಟವನ್ನು ಹರಿಯಲು ನಿನಗೆ ಅಪ್ಪಣೆ ಕೊಟ್ಟವರು ಯಾರು?"